ಸ್ಪೇಡೆಕ್ಸ್: ಕಕ್ಷೆಯಲ್ಲಿ ಎರಡು ನೌಕೆಗಳ ವೇಗ ಹೊಂದಿಸುವುದು ಹೇಗೆ?

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಎರಡು ಬೈಕುಗಳು ಒಂದರ ಹಿಂದೆ ಒಂದು ಹೋಗುತ್ತಿವೆ ಎಂದುಕೊಳ್ಳಿ. ಹಿಂದಿನ ಸವಾರ ಮುಂದಿನವನ ಕೈಗೆ ಏನನ್ನೋ ಕೊಡಬೇಕಾಗಿದೆ. ಅವನು ವೇಗ ಹೆಚ್ಚಿಸುತ್ತಾನೆ, ಪಕ್ಕಕ್ಕೆ ಬರುತ್ತಾನೆ, ತನ್ನ ಬೈಕಿನ ಮುಳ್ಳು ಮತ್ತೊಂದರದಷ್ಟೇ ತೋರುವವರೆಗೆ ನಿಧಾನಿಸುತ್ತಾನೆ. ರಸ್ತೆಯ ಮೇಲೆ ವೇಗ ಹೊಂದಿಸುವುದೆಂದರೆ ಇಷ್ಟೇ. ಇದೇ ಕೆಲಸವನ್ನು ತೊಗರ್ಸಿಯ ನೆತ್ತಿಯ ಮೇಲೆ 475 ಕಿ.ಮೀ. ಎತ್ತರದಲ್ಲಿ ಮಾಡಬೇಕಾದರೆ ಸವಾರನ ಈ ಸಹಜ ಬುದ್ಧಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನೇ ನೆಚ್ಚಿಕೊಂಡರೆ ಎರಡು ನೌಕೆಗಳು ಹತ್ತಿರವಾಗುವ ಬದಲು ದೂರವಾಗುತ್ತವೆ.

ಭಾರತದ ಮಟ್ಟಿಗೆ ಈ ಸಮಸ್ಯೆಯನ್ನು ಬಗೆಹರಿಸಿದ್ದು ಸ್ಪೇಡೆಕ್ಸ್ ಪ್ರಯೋಗ. 2024ರ ಡಿಸೆಂಬರ್ 30ರ ರಾತ್ರಿ ಶ್ರೀಹರಿಕೋಟದಿಂದ ಹೊರಟ ಪಿ.ಎಸ್.ಎಲ್.ವಿ.-ಸಿ60 ರಾಕೆಟ್ಟು, ತಲಾ ಸುಮಾರು 220 ಕಿ.ಗ್ರಾಂ. ತೂಕದ ಎರಡು ನೌಕೆಗಳನ್ನು 475 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಒಂದರ ಹೆಸರು ಚೇಸರ್, ಎಂದರೆ ಬೆನ್ನಟ್ಟುವ ನೌಕೆ. ಇನ್ನೊಂದು ಟಾರ್ಗೆಟ್, ಗುರಿಯಾಗಿರುವ ನೌಕೆ. ಇವುಗಳ ವಿನ್ಯಾಸ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಹೊಣೆಯಾಗಿತ್ತು. ಕಕ್ಷೆಯಲ್ಲಿ ಇವುಗಳನ್ನು ನಡೆಸಿದ್ದು ಬೆಂಗಳೂರಿನಲ್ಲೇ ಇರುವ ಇಸ್ಟ್ರಾಕ್ ಕೇಂದ್ರ. ಕಕ್ಷೆಯ ಬಾಗು ಸಮಭಾಜಕಕ್ಕೆ 55 ಡಿಗ್ರಿ ಇದ್ದುದರಿಂದ ನೌಕೆಗಳು ನಮ್ಮ ಜಿಲ್ಲೆಯ ಮೇಲೂ ಹಾದುಹೋಗುವಂತಿದ್ದವು. ಶಿಕಾರಿಪುರಕ್ಕೂ ಸೊರಬಕ್ಕೂ ನೇರ ಗೆರೆಯಲ್ಲಿ ಸುಮಾರು 30 ಕಿ.ಮೀ. ಅಂತರವಿದೆ. ಈ ಅಂತರವನ್ನು ದಾಟಲು ಅವಕ್ಕೆ ಬೇಕಾಗಿದ್ದುದು ನಾಲ್ಕೇ ಸೆಕೆಂಡು.

ತೊಗರ್ಸಿಯಲ್ಲಿ ಪ್ರೌಢಶಾಲೆಯ ಮಕ್ಕಳೊಂದಿಗೆ ಈ ವಿಷಯ ಮಾತನಾಡುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಹೀಗಿತ್ತು: “ಸರ್, ಹಿಂದಿರೋ ನೌಕೆ ಸ್ವಲ್ಪ ಜೋರಾಗಿ ಹೋದ್ರೆ ಮುಂದಿರೋದನ್ನ ಹಿಡೀಬಹುದಲ್ವಾ? ಇದರಲ್ಲಿ ಕಷ್ಟ ಏನಿದೆ?” ಪ್ರಶ್ನೆ ಬಹಳ ಒಳ್ಳೆಯದು. 1965ರಲ್ಲಿ ಅಮೆರಿಕದ ಗಗನಯಾತ್ರಿಯೊಬ್ಬರು ಇದೇ ನಂಬಿಕೆಯಿಂದ ಕಕ್ಷೆಯಲ್ಲಿ ಇಂಧನ ಸುರಿದಿದ್ದರು. ಆ ಕಥೆಗೆ ಹೋಗುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇಲ್ಲಿ ಬೇಕಾಗುವುದಿಲ್ಲ.

ಜೋರಾಗಿ ಹೋದರೆ ಹಿಂದೆ ಬೀಳುವುದೇಕೆ?

ಭೂಮಿಯ ಕೇಂದ್ರದಿಂದ ಈ ಕಕ್ಷೆಯ ದೂರ ಸುಮಾರು 6,853 ಕಿ.ಮೀ. ಅಲ್ಲಿ ವೃತ್ತಾಕಾರವಾಗಿ ಸುತ್ತಲು ಬೇಕಾದ ವೇಗ ಸೆಕೆಂಡಿಗೆ 7.63 ಕಿ.ಮೀ., ಎಂದರೆ ಗಂಟೆಗೆ ಸುಮಾರು 27,450 ಕಿ.ಮೀ. ಒಂದು ಸುತ್ತಿಗೆ ಹಿಡಿಯುವ ಕಾಲ 5,646 ಸೆಕೆಂಡು. ಸುಮಾರು 94 ನಿಮಿಷ.

ವೃತ್ತಾಕಾರದ ಕಕ್ಷೆಯಲ್ಲಿರುವ ನೌಕೆಯ ಚಲನಶಕ್ತಿಯನ್ನು 100 ಎಂದು ಇಟ್ಟುಕೊಳ್ಳೋಣ. ಗುರುತ್ವದಿಂದ ಬರುವ ಪ್ರಚ್ಛನ್ನ ಶಕ್ತಿ ಋಣಾತ್ಮಕ. ಅದರ ಪರಿಮಾಣ ಚಲನಶಕ್ತಿಯ ಎರಡರಷ್ಟು, ಎಂದರೆ -200. ಎರಡನ್ನೂ ಕೂಡಿಸಿದರೆ ಒಟ್ಟು ಶಕ್ತಿ -100. ಈಗ ನೌಕೆಯ ಎಂಜಿನನ್ನು ಕ್ಷಣಕಾಲ ಉರಿಸಿ ವೇಗವನ್ನು 0.1 ಶೇಕಡ ಹೆಚ್ಚಿಸಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು 0.2 ಶೇಕಡ ಹೆಚ್ಚಿ 100.2 ಆಗುತ್ತದೆ. ಆ ಕ್ಷಣದಲ್ಲಿ ನೌಕೆ ಇದ್ದಲ್ಲೇ ಇದೆ, ಪ್ರಚ್ಛನ್ನ ಶಕ್ತಿ ಬದಲಾಗಿಲ್ಲ. ಒಟ್ಟು ಶಕ್ತಿ -99.8. ಕಕ್ಷೆಯ ಗಾತ್ರ, ಅಂದರೆ ದೀರ್ಘವೃತ್ತದ ಅರೆ ದೀರ್ಘಾಕ್ಷ, ಒಟ್ಟು ಶಕ್ತಿಯ ಪರಿಮಾಣಕ್ಕೆ ವಿಲೋಮಾನುಪಾತದಲ್ಲಿದೆ. ಆದ್ದರಿಂದ ಕಕ್ಷೆ 0.2 ಶೇಕಡ ಹಿಗ್ಗುತ್ತದೆ. ಇನ್ನು ಉಳಿದದ್ದು ಕೆಪ್ಲರನ ಮೂರನೆಯ ನಿಯಮ: ಪರಿಭ್ರಮಣಾವಧಿಯ ವರ್ಗವು ಅರೆ ದೀರ್ಘಾಕ್ಷದ ಘನಕ್ಕೆ ಅನುಪಾತದಲ್ಲಿರುತ್ತದೆ. ಕಕ್ಷೆ 0.2 ಶೇಕಡ ಹಿಗ್ಗಿದರೆ ಅವಧಿ ಅದರ ಒಂದೂವರೆಯಷ್ಟು, ಎಂದರೆ 0.3 ಶೇಕಡ ಹೆಚ್ಚುತ್ತದೆ.

ವೇಗದಲ್ಲಿ ಒಂದು ಪಾಲು ಹೆಚ್ಚಿಸಿದರೆ ಸುತ್ತು ಮುಗಿಸುವ ಕಾಲ ಮೂರು ಪಾಲು ಹೆಚ್ಚುತ್ತದೆ! ಮುಂದಿರುವ ನೌಕೆಯನ್ನು ಹಿಡಿಯಲೆಂದು ಜೋರು ಮಾಡಿದ ನೌಕೆ, ಸುತ್ತು ಮುಗಿಸಿ ಹೊರಟಲ್ಲಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಎಷ್ಟು ತಡ ಎಂಬುದನ್ನು ದೂರಕ್ಕೆ ಬದಲಿಸಿದರೆ ಒಂದು ಸರಳ ಸೂತ್ರ ಸಿಗುತ್ತದೆ:

ಒಂದು ಸುತ್ತಿನಲ್ಲಿ ಹಿಂದೆ ಬೀಳುವ ದೂರ = 3 × ಪರಿಭ್ರಮಣಾವಧಿ × ವೇಗದ ಹೆಚ್ಚಳ

ಈ ಲೇಖನದಲ್ಲಿ ನೆನಪಿಡಬೇಕಾದ ಸೂತ್ರ ಇದೊಂದೇ. ವೇಗದ ಹೆಚ್ಚಳ ಸೆಕೆಂಡಿಗೆ 1 ಮೀಟರ್ ಎನ್ನಿ. ರಸ್ತೆಯ ಮೇಲಾಗಿದ್ದರೆ 5,646 ಸೆಕೆಂಡಿನಲ್ಲಿ ನಾವು 5.6 ಕಿ.ಮೀ. ಮುಂದಿರುತ್ತಿದ್ದೆವು. ಕಕ್ಷೆಯಲ್ಲಿ ಅದರ ಮೂರರಷ್ಟು, ಸುಮಾರು 16.9 ಕಿ.ಮೀ. ಹಿಂದೆ ಇರುತ್ತೇವೆ. ರಸ್ತೆಯ ಲೆಕ್ಕ ಪರಿಮಾಣದಲ್ಲೂ ತಪ್ಪು, ದಿಕ್ಕಿನಲ್ಲೂ ತಪ್ಪು. ವೇಗದ ವ್ಯತ್ಯಾಸ ಸೆಕೆಂಡಿಗೆ 1 ಸೆಂ.ಮೀ. ಆದರೂ ಸುತ್ತಿಗೆ 169 ಮೀಟರ್ ಅಂತರ ಬೀಳುತ್ತದೆ. 1 ಮಿ.ಮೀ. ಆದರೆ 17 ಮೀಟರ್. ಸೆಕೆಂಡಿಗೆ ಏಳೂವರೆ ಸಾವಿರ ಮೀಟರಿಗೂ ಮಿಕ್ಕಿ ಓಡುವ ವಸ್ತುವಿನಲ್ಲಿ ಮಿಲಿಮೀಟರಿನ ಲೆಕ್ಕ ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ಎಂಜಿನ್ ನಿಂತ ಕೂಡಲೇ ನೌಕೆ ಹಿಂದೆ ಸರಿಯಲು ತೊಡಗುತ್ತದೆ ಎಂದು ತಿಳಿಯಬಾರದು. ಸೆಕೆಂಡಿಗೆ 1 ಮೀಟರ್ ವೇಗ ಹೆಚ್ಚಿಸಿಕೊಂಡ ನೌಕೆ ಮೊದಲ 11 ನಿಮಿಷ ನಾವು ಬಯಸಿದಂತೆಯೇ ಮುಂದೆ ಹೋಗುತ್ತದೆ. ಸುಮಾರು 430 ಮೀಟರ್ ಮುಂದೆ. ಆದರೆ ಅದೇ ಹೊತ್ತಿನಲ್ಲಿ ಮೇಲಕ್ಕೂ ಏರುತ್ತಿರುತ್ತದೆ. ಏರಿದಂತೆ ವೇಗ ತಗ್ಗುತ್ತದೆ, ಹಾದಿಯೂ ಉದ್ದವಾಗುತ್ತದೆ. 19ನೆಯ ನಿಮಿಷಕ್ಕೆ ಅದು ಹಳೆಯ ಜಾಗಕ್ಕೆ ನೇರ ಮೇಲೆ ಬಂದಿರುತ್ತದೆ, ಅಲ್ಲಿಂದಾಚೆಗೆ ಹಿಂದಕ್ಕೇ. ಅರ್ಧ ಸುತ್ತಿನ ಹೊತ್ತಿಗೆ 3.6 ಕಿ.ಮೀ. ಮೇಲೆ; ಪೂರ್ತಿ ಸುತ್ತಿಗೆ ಮತ್ತೆ ಹಳೆಯ ಎತ್ತರಕ್ಕೆ ಇಳಿದಿರುತ್ತದೆ, ಆದರೆ 16.9 ಕಿ.ಮೀ. ಹಿಂದೆ. ವಿದ್ಯಾರ್ಥಿಗಳು ಈ ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಸೇರಿಸಿದರೆ ಮೇಲಕ್ಕೆ ಡೊಂಕಾಗಿ ಹಿಂದಕ್ಕೆ ಬಾಗಿದ ಒಂದು ಕಮಾನು ಕಾಣಿಸುತ್ತದೆ. ಮೊದಲ ಹನ್ನೊಂದು ನಿಮಿಷದ ಭಾಗವನ್ನಷ್ಟೇ ನೋಡಿದವನು ಮೋಸಹೋಗುವುದು ಸಹಜ.

ಹಾಗಾದರೆ ಮುಂದಿರುವುದನ್ನು ಹಿಡಿಯುವುದು ಹೇಗೆ? ವೇಗ ತಗ್ಗಿಸಬೇಕು. ತಗ್ಗಿಸಿದ ನೌಕೆ ಕೆಳಗಿಳಿಯುತ್ತದೆ. ಕೆಳಗಿನ ಹಾದಿ ಚಿಕ್ಕದು, ಅಲ್ಲಿನ ಸರಾಸರಿ ವೇಗವೂ ಹೆಚ್ಚು. ಸುತ್ತು ಬೇಗ ಮುಗಿಯುತ್ತದೆ, ಅಂತರ ಕಡಿಮೆಯಾಗುತ್ತದೆ. ಶಾಲೆಯ ಮೈದಾನದಲ್ಲಿ ಒಳಗಿನ ಗೆರೆಯಲ್ಲಿ ಓಡುವ ಹುಡುಗನನ್ನು ನೆನೆಯಿರಿ. ಅವನಿಗೆ ಹಾದಿ ಕಡಿಮೆ. ಕಕ್ಷೆಯಲ್ಲಾದರೆ ಒಳಗಿನ ಗೆರೆಯವನು ಹೆಚ್ಚು ವೇಗವಾಗಿಯೂ ಓಡುತ್ತಾನೆ. ಅವಧಿಯಲ್ಲಿ ಉಳಿಯುವ ಸಮಯದ ಮೂರು ಪಾಲಿನಲ್ಲಿ ಎರಡು ಪಾಲು ಹಾದಿ ಚಿಕ್ಕದಾದುದರಿಂದ ಬಂದದ್ದು, ಒಂದು ಪಾಲು ಮಾತ್ರ ವೇಗದಿಂದ.

ಮುಳ್ಳು ಸಮ ತೋರಿದರೆ ಸಾಕೆ?

ಬೈಕಿನ ಉದಾಹರಣೆಯಲ್ಲಿ ಎರಡೂ ಮುಳ್ಳುಗಳು ಒಂದೇ ಅಂಕೆ ತೋರಿದರೆ ಕೆಲಸ ಮುಗಿಯಿತು. ಕಕ್ಷೆಯಲ್ಲಿ ಹಾಗಲ್ಲ. ಒಂದು ನೌಕೆ ಇನ್ನೊಂದಕ್ಕಿಂತ ಕೇವಲ 100 ಮೀಟರ್ ಮೇಲಿದೆ, ಎರಡರ ವೇಗವೂ ಆ ಕ್ಷಣಕ್ಕೆ ಕರಾರುವಾಕ್ಕಾಗಿ ಒಂದೇ ಎನ್ನೋಣ. ಮೇಲಿರುವುದರ ಪ್ರಚ್ಛನ್ನ ಶಕ್ತಿ ಹೆಚ್ಚು, ಆದ್ದರಿಂದ ಒಟ್ಟು ಶಕ್ತಿಯೂ ಹೆಚ್ಚು. ಅದರ ಅರೆ ದೀರ್ಘಾಕ್ಷ 200 ಮೀಟರ್ ದೊಡ್ಡದು. ಲೆಕ್ಕ ಮಾಡಿದರೆ ಒಂದೇ ಸುತ್ತಿನಲ್ಲಿ ಅದು ಸುಮಾರು 1.9 ಕಿ.ಮೀ. ಹಿಂದೆ ಬೀಳುತ್ತದೆ. ಮೇಲಿನ ನೌಕೆ ತನ್ನ ಎತ್ತರಕ್ಕೆ ತಕ್ಕ ವೃತ್ತವೇಗದಲ್ಲಿ, ಎಂದರೆ ಕೆಳಗಿನದಕ್ಕಿಂತ ಸೆಕೆಂಡಿಗೆ 5.6 ಸೆಂ.ಮೀ. ಕಡಿಮೆ ವೇಗದಲ್ಲಿ ಸುತ್ತಿದರೂ ಅಂತರ ಬೀಳುವುದು ತಪ್ಪದು. ಅದು ಸುತ್ತಿಗೆ ಸುಮಾರು 940 ಮೀಟರ್.

ಆದ್ದರಿಂದ ಕಕ್ಷೆಯಲ್ಲಿ “ವೇಗ ಹೊಂದಿಸುವುದು” ಎಂಬ ಮಾತಿನ ನಿಜವಾದ ಅರ್ಥ ಪರಿಭ್ರಮಣಾವಧಿಯನ್ನು ಹೊಂದಿಸುವುದು ಎಂದು. ಅವಧಿ ಒಂದೇ ಆದರೆ ಎರಡು ನೌಕೆಗಳು ಸುತ್ತಿನ ನಡುವೆ ಒಂದರ ಸುತ್ತ ಒಂದು ಸ್ವಲ್ಪ ಓಲಾಡಿದರೂ ಪ್ರತಿ ಸುತ್ತಿನ ಕೊನೆಗೆ ಹಳೆಯ ಅಂತರಕ್ಕೇ ಮರಳುತ್ತವೆ. ಅವಧಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಬೇರೆಯಾದರೆ ಸುತ್ತಿಗೆ 7.6 ಮೀಟರ್ ಅಂತರ ಕೂಡುತ್ತಾ ಹೋಗುತ್ತದೆ. ಬಾಹ್ಯಾಕಾಶ ತಂತ್ರಜ್ಞರು ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಕನ್ನಡದಲ್ಲಿ “ಜಾರುವಿಕೆ” ಎನ್ನಬಹುದು. 2025ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಪದ ಇದೇ.

ಈ ಚಲನೆಯ ಗಣಿತ ಹೊಸದೇನಲ್ಲ. ಚಂದ್ರನ ಚಲನೆಯನ್ನು ವಿವರಿಸಲು ಅಮೆರಿಕದ ಜಾರ್ಜ್ ವಿಲಿಯಂ ಹಿಲ್ 1878ರಲ್ಲಿ ಬಳಸಿದ ಸಮೀಕರಣಗಳೇ 1960ರಲ್ಲಿ ಕ್ಲೊಹೆಸ್ಸಿ ಮತ್ತು ವಿಲ್ಟ್‌ಷೈರ್ ಎಂಬವರ ಕೈಯಲ್ಲಿ ನೌಕೆಗಳ ಸಂಧಿಗೆ ಒದಗಿದವು. ಮೇಲೆ ಹೇಳಿದ 11 ನಿಮಿಷ, 430 ಮೀಟರ್ ಮುಂತಾದ ಅಂಕೆಗಳು ಆ ಸಮೀಕರಣಗಳಿಂದಲೇ ಬಂದವು.

ಪಾಠ ಕಲಿತ ಮೊದಲಿಗರು

1962ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ವೊಸ್ತೊಕ್-3 ಮತ್ತು ವೊಸ್ತೊಕ್-4 ನೌಕೆಗಳನ್ನು ಒಂದು ದಿನದ ಅಂತರದಲ್ಲಿ ಹಾರಿಸಿತು. ಉಡಾವಣೆಯ ಕಾಲವನ್ನು ಅಷ್ಟು ಚೆನ್ನಾಗಿ ಲೆಕ್ಕಹಾಕಿದ್ದರಿಂದ ಅವು ಒಂದು ಹಂತದಲ್ಲಿ ಸುಮಾರು 6.5 ಕಿ.ಮೀ. ಸಮೀಪ ಬಂದವು. ಆದರೆ ಕಕ್ಷೆ ಬದಲಿಸುವ ಸಾಧನ ಅವುಗಳಲ್ಲಿರಲಿಲ್ಲ. ಅವಧಿಗಳು ಹೊಂದದೆ ಸುತ್ತು ಸುತ್ತಿಗೂ ಜಾರಿ, ಕೊನೆಗೆ ಸಾವಿರ ಕಿ.ಮೀ. ಮೀರಿ ದೂರವಾದವು. ಹತ್ತಿರ ಬರುವುದು ಬೇರೆ, ಹತ್ತಿರ ಉಳಿಯುವುದು ಬೇರೆ.

1965ರ ಜೂನ್ 3ರಂದು ಜೆಮಿನಿ-4ರಲ್ಲಿದ್ದ ಜೇಮ್ಸ್ ಮೆಕ್‌ಡಿವಿಟ್ ತಮ್ಮನ್ನು ಕಕ್ಷೆಗೆ ಒಯ್ದಿದ್ದ ಟೈಟನ್ ರಾಕೆಟ್ಟಿನ ಖಾಲಿ ಹಂತದ ಬಳಿ ಹೋಗಲು ಯತ್ನಿಸಿದರು. ಕಣ್ಣಿಗೆ ಕಾಣುತ್ತಿದ್ದ ಅದರತ್ತ ಮೂತಿ ತಿರುಗಿಸಿ ಎಂಜಿನ್ ಉರಿಸಿದರು. ಅದು ದೂರ ಸರಿಯಿತು. ಮತ್ತೆ ಉರಿಸಿದರು, ಮತ್ತೂ ಸರಿಯಿತು. ಇಂಧನ ಕರಗುತ್ತಿದ್ದುದನ್ನು ಕಂಡು ಪ್ರಯತ್ನವನ್ನು ಕೈಬಿಡಬೇಕಾಯಿತು. ಅವರು ನುರಿತ ಪೈಲಟ್. ವಿಮಾನದಲ್ಲಿ ಕಲಿತದ್ದೇ ಇಲ್ಲಿ ಅಡ್ಡಬಂತು. ತರಗತಿಯಲ್ಲಿ ಈ ಪಾಠ ಮಾಡುವ ಶಿಕ್ಷಕರು ಸೂತ್ರಕ್ಕಿಂತ ಮೊದಲು ಈ ಪ್ರಸಂಗವನ್ನು ಹೇಳುವುದು ಒಳ್ಳೆಯದೆಂದು ನನ್ನ ಅನುಭವ.

ಆರೇ ತಿಂಗಳಲ್ಲಿ, 1965ರ ಡಿಸೆಂಬರ್ 15ರಂದು, ಜೆಮಿನಿ-6ಎ ನೌಕೆ ಈ ಪಾಠವನ್ನು ಸರಿಯಾಗಿ ಒಪ್ಪಿಸಿತು. ವಾಲ್ಟರ್ ಶಿರಾ ಮತ್ತು ಥಾಮಸ್ ಸ್ಟಾಫರ್ಡ್ ಇದ್ದ ಆ ನೌಕೆ ಮೊದಲಿಗೆ ಜೆಮಿನಿ-7ಕ್ಕಿಂತ ಸುಮಾರು 2,000 ಕಿ.ಮೀ. ಹಿಂದೆ ಇತ್ತು, ಕಕ್ಷೆಯೂ ಕೆಳಗಿನದು. ಕೆಳಗಿದ್ದುದರಿಂದಲೇ ಬೇಗ ಸುತ್ತಿ, ಹಂತ ಹಂತವಾಗಿ ಮೇಲೇರಿ, ಕೊನೆಗೆ ಸುಮಾರು 30 ಸೆಂ.ಮೀ. ಅಂತರದವರೆಗೂ ಬಂದಿತು. ನಿಜವಾದ ಜೋಡಣೆ ಮುಂದಿನ ವರ್ಷ ಮಾರ್ಚ್ 16ರಂದು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಇದ್ದ ಜೆಮಿನಿ-8ರಿಂದ ಆಯಿತು. ಮನುಷ್ಯರಿಲ್ಲದ ಎರಡು ನೌಕೆಗಳು ತಾವಾಗಿ ಜೋಡಿಕೊಂಡದ್ದು 1967ರ ಅಕ್ಟೋಬರ್ 30ರಂದು. ಅವು ಸೋವಿಯತ್ ಒಕ್ಕೂಟದ ಕಾಸ್ಮೋಸ್-186 ಮತ್ತು 188.

ಅಮೆರಿಕ, ರಷ್ಯ, ಚೀನಗಳ ನಂತರ ಈ ಸಾಧನೆ ಮಾಡಿದ ನಾಲ್ಕನೆಯ ದೇಶ ಭಾರತ ಎಂದು ಎಲ್ಲೆಡೆ ಬರೆಯಲಾಯಿತು. ಜಪಾನಿನ ಹೆಸರನ್ನು ಇಲ್ಲಿ ಮರೆಯುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಅವರ ಇ.ಟಿ.ಎಸ್.-7 ಪ್ರಯೋಗದಲ್ಲೂ ಒಂದು ಬೆನ್ನಟ್ಟುವ ಉಪಗ್ರಹ, ಒಂದು ಗುರಿಯ ಉಪಗ್ರಹ ಇದ್ದವು. 1998ರ ಜುಲೈ 7ರಂದು ಅವು ಜೋಡಿಕೊಂಡವು. ಹಿಕೊಬೊಶಿ, ಒರಿಹಿಮೆ ಎಂಬುದು ಅವುಗಳ ಹೆಸರು. ಆಕಾಶಗಂಗೆಯ ಎರಡು ದಡಗಳಲ್ಲಿದ್ದು ವರ್ಷಕ್ಕೊಮ್ಮೆ ಜುಲೈ 7ರಂದು ಮಾತ್ರ ಭೇಟಿಯಾಗುವ ಪ್ರೇಮಿಗಳ ಹೆಸರು ಅದು.

20 ಕಿ.ಮೀ.ಯಿಂದ 225 ಮೀಟರಿಗೆ

ಸ್ಪೇಡೆಕ್ಸ್‌ನಲ್ಲಿ ನಡೆದದ್ದನ್ನು ಈಗ ನಮ್ಮ ಸೂತ್ರದೊಂದಿಗೆ ಹೊಂದಿಸಿ ನೋಡೋಣ. ರಾಕೆಟ್ಟಿನಿಂದ ಬೇರ್ಪಡುವಾಗಲೇ ಎರಡು ನೌಕೆಗಳಿಗೆ ಬೇಕೆಂದೇ ಒಂದು ಸಣ್ಣ ಸಾಪೇಕ್ಷ ವೇಗವನ್ನು ಕೊಡಲಾಗಿತ್ತು. ಒಂದು ದಿನದಲ್ಲಿ 10ರಿಂದ 20 ಕಿ.ಮೀ. ಅಂತರ ಬೀಳಬೇಕು, ಆಮೇಲೆ ಟಾರ್ಗೆಟ್ ತನ್ನ ನೂಕುಯಂತ್ರಗಳಿಂದ ಆ ವೇಗವನ್ನು ರದ್ದುಮಾಡಿ ಜಾರುವಿಕೆಯನ್ನು ನಿಲ್ಲಿಸಬೇಕು ಎಂಬುದು ಯೋಜನೆ. ಆ ಸಣ್ಣ ವೇಗ ಎಷ್ಟಿರಬೇಕು? ದಿನಕ್ಕೆ ಸುಮಾರು 15.3 ಸುತ್ತು. 20 ಕಿ.ಮೀ.ಯನ್ನು ಅಷ್ಟಕ್ಕೆ ಹಂಚಿದರೆ ಸುತ್ತಿಗೆ 1.3 ಕಿ.ಮೀ. ಸೂತ್ರದ ಪ್ರಕಾರ, ವ್ಯತ್ಯಾಸವೆಲ್ಲ ಚಲನೆಯ ದಿಕ್ಕಿನಲ್ಲೇ ಇದ್ದರೆ, ಇದಕ್ಕೆ ಸೆಕೆಂಡಿಗೆ 8 ಸೆಂ.ಮೀ.ಗಿಂತಲೂ ಕಡಿಮೆ ವೇಗ ಸಾಕು. ಅಂಬೆಗಾಲಿಡುವ ಮಗುವೂ ಇದಕ್ಕಿಂತ ಬೇಗ ಸಾಗುತ್ತದೆ.

ಜಾರುವಿಕೆ ನಿಂತ ಮೇಲೆ ಎರಡೂ ನೌಕೆಗಳು ಒಂದೇ ಕಕ್ಷೆಯಲ್ಲಿ, ಒಂದೇ ವೇಗದಲ್ಲಿ, 20 ಕಿ.ಮೀ. ಅಂತರದಲ್ಲಿ ಉಳಿಯುತ್ತವೆ. ಅಲ್ಲಿಂದ ಮುಂದಿನ ನಿಲ್ದಾಣಗಳು 5 ಕಿ.ಮೀ., 1.5 ಕಿ.ಮೀ., 500 ಮೀಟರ್, 225 ಮೀಟರ್, 15 ಮೀಟರ್, 3 ಮೀಟರ್. ಪ್ರತಿ ಹಂತದಲ್ಲೂ ತಂತ್ರ ಒಂದೇ. ಸಣ್ಣ ವೇಗವ್ಯತ್ಯಾಸವನ್ನು ಉಂಟುಮಾಡು, ಜಾರಲು ಬಿಡು, ಬೇಕಾದ ಅಂತರ ಬಂದಾಗ ಅಷ್ಟೇ ವ್ಯತ್ಯಾಸವನ್ನು ವಿರುದ್ಧ ದಿಕ್ಕಿನಲ್ಲಿ ಕೊಟ್ಟು ನಿಲ್ಲಿಸು. ಚೇಸರ್ ಹಿಂದಿದ್ದರೆ ಮೊದಲು ವೇಗ ತಗ್ಗಿಸುವುದು, ಆಮೇಲೆ ಹೆಚ್ಚಿಸುವುದು.

ಕಷ್ಟವಿರುವುದು “ಅಷ್ಟೇ” ಎಂಬ ಪದದಲ್ಲಿ. 220 ಕಿ.ಗ್ರಾಂ. ನೌಕೆಯ ವೇಗವನ್ನು ಸೆಕೆಂಡಿಗೆ 1 ಸೆಂ.ಮೀ. ಬದಲಿಸಲು 1 ನ್ಯೂಟನ್ ಬಲದ ನೂಕುಯಂತ್ರವನ್ನು 2.2 ಸೆಕೆಂಡು ಉರಿಸಿದರೆ ಸಾಕು. ಅದು ಕಾಲು ಸೆಕೆಂಡು ಹೆಚ್ಚು ಉರಿದರೆ ಸೆಕೆಂಡಿಗೆ 1 ಮಿ.ಮೀ.ಗೂ ತುಸು ಹೆಚ್ಚು ವೇಗ ಉಳಿದುಬಿಡುತ್ತದೆ, ಸುತ್ತಿಗೆ ಸುಮಾರು 19 ಮೀಟರ್ ಜಾರುವಿಕೆ. ಅಂತರ 20 ಕಿ.ಮೀ. ಇದ್ದಾಗ ಇದು ಲೆಕ್ಕಕ್ಕಿಲ್ಲ. 15 ಮೀಟರ್ ಇದ್ದಾಗ ಅದೇ ತಪ್ಪು ಎರಡು ನೌಕೆಗಳನ್ನು ಢಿಕ್ಕಿ ಹೊಡೆಸಬಲ್ಲದು.

ಇಷ್ಟು ಸಣ್ಣ ವೇಗವನ್ನು ಅಳೆಯುವುದಾದರೂ ಹೇಗೆ? ಎರಡೂ ನೌಕೆಗಳಲ್ಲಿ ಸ್ಥಾನನಿರ್ಣಯ ಉಪಗ್ರಹಗಳ ಸಂಕೇತ ಹಿಡಿಯುವ ಗ್ರಾಹಕಗಳಿವೆ. ನಮ್ಮ ಮೊಬೈಲಿನಲ್ಲಿರುವ ಜಿ.ಪಿ.ಎಸ್. ಬಗೆಯದೇ, ಆದರೆ ಹೆಚ್ಚು ಸೂಕ್ಷ್ಮ. ಒಂದೊಂದೇ ಗ್ರಾಹಕ ಹೇಳುವ ಸ್ಥಾನದಲ್ಲಿ ಮೀಟರುಗಟ್ಟಲೆ ದೋಷವಿರಬಹುದು. ಆದರೆ ಎರಡೂ ಅವೇ ಉಪಗ್ರಹಗಳನ್ನು, ಅದೇ ಹೊತ್ತಿನಲ್ಲಿ, ಹೆಚ್ಚುಕಡಿಮೆ ಅದೇ ಜಾಗದಿಂದ ನೋಡುತ್ತಿರುವುದರಿಂದ ಬಹುಪಾಲು ದೋಷ ಎರಡಕ್ಕೂ ಸಮಾನ. ಒಂದರ ಅಳತೆಯಿಂದ ಇನ್ನೊಂದರದನ್ನು ಕಳೆದರೆ ಸಮಾನ ದೋಷ ಹೊರಟುಹೋಗಿ ಸಾಪೇಕ್ಷ ಸ್ಥಾನ, ಸಾಪೇಕ್ಷ ವೇಗಗಳು ನಿಚ್ಚಳವಾಗುತ್ತವೆ. ಒಂದೇ ತಕ್ಕಡಿಯಲ್ಲಿ ಎರಡು ಚೀಲ ತೂಗಿದಂತೆ. ತಕ್ಕಡಿ ತುಸು ಹೆಚ್ಚು ತೋರುತ್ತಿದ್ದರೂ ಚೀಲಗಳ ತೂಕದ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ. ಇದಕ್ಕಾಗಿ ನೌಕೆಗಳು ತಮ್ಮ ನಡುವಿನ ರೇಡಿಯೋ ಕೊಂಡಿಯ ಮೂಲಕ ಅಳತೆಗಳನ್ನು ಹಂಚಿಕೊಳ್ಳುತ್ತಿದ್ದವು. ಸಮೀಪ ಬಂದಂತೆ ಲೇಸರ್ ದೂರಮಾಪಕ ಮತ್ತು ಬೆಳಕಿನ ಸಂವೇದಕಗಳು ಹೊಣೆ ವಹಿಸಿಕೊಳ್ಳುತ್ತವೆ.

ಜೋಡಣೆಯನ್ನು ಮೊದಲು 2025ರ ಜನವರಿ 7ಕ್ಕೆ ಗೊತ್ತುಮಾಡಲಾಗಿತ್ತು. ನೆಲದ ಮೇಲೆ ಇನ್ನಷ್ಟು ಪರೀಕ್ಷೆ ಬೇಕೆಂದು ಅದು 9ಕ್ಕೆ ಹೋಯಿತು. 8ರಂದು ಅಂತರವನ್ನು 225 ಮೀಟರಿಗೆ ಇಳಿಸುವ ಕ್ರಮದಲ್ಲಿ, ನೌಕೆಗಳು ಭೂಕೇಂದ್ರಗಳಿಗೆ ಕಾಣದ ಅವಧಿಯನ್ನು ದಾಟಿ ಬಂದಾಗ, ಜಾರುವಿಕೆ ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿರುವುದು ಕಂಡುಬಂತು. ಇಸ್ರೊ ಜೋಡಣೆಯನ್ನು ಮತ್ತೆ ಮುಂದೂಡಿತು.

ಇದನ್ನು ಹಿನ್ನಡೆಯೆಂದು ಓದಿದವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. 225 ಮೀಟರ್ ಅಂತರದಲ್ಲಿ ಸೆಕೆಂಡಿಗೆ ಒಂದು ಸೆಂಟಿಮೀಟರಿನ ತಪ್ಪು ಒಂದು ಸುತ್ತಿನಲ್ಲಿ 169 ಮೀಟರ್ ಆಗುತ್ತದೆ, ಎಂದರೆ ಇರುವ ಅಂತರದ ಮುಕ್ಕಾಲು ಪಾಲು. ಮತ್ತೊಂದು ಲೆಕ್ಕವನ್ನೂ ನೋಡಿ. 475 ಕಿ.ಮೀ. ಎತ್ತರದ ನೌಕೆ ಬೆಂಗಳೂರಿನಲ್ಲಾಗಲಿ ತೊಗರ್ಸಿಯಲ್ಲಾಗಲಿ ಒಂದು ಸ್ಥಳಕ್ಕೆ ದಿಗಂತದಿಂದ ದಿಗಂತಕ್ಕೆ ಕಾಣುವುದು ಹೆಚ್ಚೆಂದರೆ 11 ನಿಮಿಷ. ಉಳಿದ ಹೊತ್ತು ಅದು ಆ ಕೇಂದ್ರದ ಕಣ್ಣಿಗೆ ಮರೆ. ಬೇರೆ ಬೇರೆ ದೇಶಗಳ ಕೇಂದ್ರಗಳನ್ನು ಸೇರಿಸಿಕೊಂಡರೂ ನಡುವೆ ಕತ್ತಲ ತುಣುಕುಗಳು ಉಳಿಯುತ್ತವೆ. ಎರಡು ನೌಕೆಗಳನ್ನೂ, ಅವಕ್ಕಾಗಿ ಪಟ್ಟ ವರ್ಷಗಳ ಶ್ರಮವನ್ನೂ ಕಾಣದ ಜಾರುವಿಕೆಗೆ ಒಡ್ಡುವುದಕ್ಕಿಂತ ದೂರ ಸರಿದು ಕಾಯುವುದೇ ಸರಿ. ಮರುದಿನವೇ ಜಾರುವಿಕೆಯನ್ನು ತಡೆದು ನೌಕೆಗಳನ್ನು ನಿಧಾನವಾಗಿ ಹತ್ತಿರವಾಗುವ ಹಾದಿಗೆ ತರಲಾಯಿತು. 10ರಂದು 1.5 ಕಿ.ಮೀ., 11ರಂದು 230 ಮೀಟರ್. 12ರಂದು 15 ಮೀಟರಿಗೆ, ಅಲ್ಲಿಂದ 3 ಮೀಟರಿಗೆ ಬಂದು, ಪರೀಕ್ಷೆ ಮುಗಿಸಿ, ಸುರಕ್ಷಿತ ದೂರಕ್ಕೆ ಹಿಂದೆ ಸರಿದವು.

ವಾತಾವರಣದ ಪಾತ್ರವನ್ನೂ ಇಲ್ಲೇ ಹೇಳಿಬಿಡಬೇಕು. 475 ಕಿ.ಮೀ. ಎತ್ತರದಲ್ಲೂ ತೆಳುವಾದ ಗಾಳಿಯ ತಡೆ ಇದ್ದೇ ಇದೆ. ತಡೆಯಿಂದ ನೌಕೆಯ ಶಕ್ತಿ ಕಡಿಮೆಯಾಗಿ ಅದು ಕೆಳಗಿಳಿಯುತ್ತದೆ, ಇಳಿದುದರಿಂದ ವೇಗ ಹೆಚ್ಚುತ್ತದೆ. ಗಾಳಿಯ ತಡೆ ನೌಕೆಯನ್ನು ವೇಗಗೊಳಿಸುತ್ತದೆ ಎಂದರೆ ವಿದ್ಯಾರ್ಥಿಗಳು ನಗುತ್ತಾರೆ. ಮೇಲಿನ ಶಕ್ತಿಯ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಎರಡೂ ನೌಕೆಗಳು ಬಹುಮಟ್ಟಿಗೆ ಒಂದೇ ತೂಕ ಗಾತ್ರದವಾದ್ದರಿಂದ ಸ್ಪೇಡೆಕ್ಸ್‌ನಲ್ಲಿ ಇದರ ಉಪದ್ರವ ಕಡಿಮೆ.

ಕೊನೆಯ ಮೂರು ಮೀಟರ್

ನೌಕೆಗಳು ಒಂದನ್ನೊಂದು ಮುಟ್ಟುವಾಗಿನ ಸಾಪೇಕ್ಷ ವೇಗ ಸೆಕೆಂಡಿಗೆ 10 ಮಿ.ಮೀ. ಇರಬೇಕೆಂದು ವಿನ್ಯಾಸ. ಆ ವೇಗದಲ್ಲಿ 3 ಮೀಟರ್ ಸಾಗಲು 300 ಸೆಕೆಂಡು, ಐದು ನಿಮಿಷ. ಇಷ್ಟು ಹತ್ತಿರದಲ್ಲಾದರೂ ರಸ್ತೆಯ ಲೆಕ್ಕ ಸಾಕಲ್ಲವೇ ಎನ್ನಿಸಬಹುದು. ಸಾಲದು. ಕಕ್ಷೆಯ ದಿಕ್ಕಿನಲ್ಲೇ ಮುಂದಿರುವ ಟಾರ್ಗೆಟ್ ಕಡೆಗೆ ಚೇಸರ್ ಅನ್ನು ಸೆಕೆಂಡಿಗೆ 1 ಸೆಂ.ಮೀ. ವೇಗದಲ್ಲಿ ನೂಕಿ, ಮುಂದೆ ಏನೂ ಮಾಡದೆ ಬಿಟ್ಟಿರೆಂದುಕೊಳ್ಳಿ. ಐದು ನಿಮಿಷದ ನಂತರ ಅದು 3 ಮೀಟರ್ ಬದಲು 2.78 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟೇ ಅಲ್ಲ, ಸುಮಾರು 1 ಮೀಟರ್ ಮೇಲಕ್ಕೂ ಏರಿರುತ್ತದೆ. ಸುಮಾರು 45 ಸೆಂ.ಮೀ. ಅಗಲದ ಜೋಡಣೆಯ ಬಳೆಗೆ ಗುರಿಯಿಟ್ಟ ನೌಕೆ ಅದರ ಮೇಲೆ ತೇಲಿಹೋಗುತ್ತದೆ! ನೇರ ಗೆರೆಯಲ್ಲಿ ಹೋಗಬೇಕಾದರೆ ಆ ಐದು ನಿಮಿಷವೂ ಚೇಸರ್ ತನ್ನನ್ನು ಕೆಳಕ್ಕೆ ಒತ್ತಿಕೊಳ್ಳುತ್ತಲೇ ಇರಬೇಕು. ಇದನ್ನು ನೆಲದಿಂದ ಕೈಯಾರೆ ಮಾಡಿಸಲಾಗದು. ನೌಕೆಯ ಗಣಕವೇ ಅಳೆಯುತ್ತಾ ತಿದ್ದುತ್ತಾ ಹೋಗಬೇಕು.

2025ರ ಜನವರಿ 16ರಂದು ಚೇಸರ್ 15 ಮೀಟರಿನಿಂದ 3 ಮೀಟರಿಗೆ ಬಂದು ನಿಂತು, ಮುಂದುವರಿದು, ಟಾರ್ಗೆಟ್ ಅನ್ನು ಹಿಡಿಯಿತು. ಆಮೇಲೆ ಎರಡನ್ನೂ ಎಳೆದು ಬಿಗಿಮಾಡಲಾಯಿತು. ಒಂದೊಂದು ನೌಕೆಯ ಕಕ್ಷಾ ಚಲನಶಕ್ತಿ ಸುಮಾರು 640 ಕೋಟಿ ಜೂಲ್. ಸೆಕೆಂಡಿಗೆ 10 ಮಿ.ಮೀ. ವೇಗದಲ್ಲಿ ಅವು ಕೂಡುವಾಗ ಯಂತ್ರಾಂಗ ಹೀರಿಕೊಳ್ಳಬೇಕಾದ ಶಕ್ತಿ ಒಂದು ಜೂಲಿನ ಸಾವಿರದಲ್ಲಿ ಐದೂವರೆ ಪಾಲು. ಒಂದು ಗ್ರಾಂ ತೊಗರಿಬೇಳೆ ಅರ್ಧ ಮೀಟರಿಗಿಂತ ತುಸು ಮೇಲಿನಿಂದ ಬಿದ್ದಾಗ ಬರುವ ಶಕ್ತಿಯೂ ಅಷ್ಟೇ. ವೇಗ ಹೊಂದಿಸುವ ಕೆಲಸ ಎಷ್ಟು ಚೆನ್ನಾಗಿ ನಡೆಯಬೇಕೆಂಬುದನ್ನು ಈ ಎರಡು ಸಂಖ್ಯೆಗಳ ಅನುಪಾತವೇ ಹೇಳುತ್ತದೆ.

ಮಾರ್ಚ್ 13ರಂದು ನೌಕೆಗಳನ್ನು ಬಿಡಿಸಿ, ಏಪ್ರಿಲ್ 20ರಂದು ಎರಡನೆಯ ಬಾರಿ ಜೋಡಿಸಲಾಯಿತು. ಈ ಸಲ 3 ಮೀಟರಿನಲ್ಲಿ ತಡೆದು ನಿಲ್ಲಲಿಲ್ಲ. 15 ಮೀಟರಿನಿಂದ ಜೋಡಣೆಯವರೆಗೆ ನೌಕೆಗಳು ತಾವಾಗಿಯೇ ಸಾಗಿದವು. ಬಳಿಕ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತನ್ನೂ ಹರಿಸಿ ನೋಡಲಾಯಿತು. ಸುದ್ದಿಯಾದದ್ದು ಮೊದಲ ಜೋಡಣೆ. ಭೌತವಿಜ್ಞಾನದ ದೃಷ್ಟಿಯಿಂದ ನನಗೆ ಎರಡನೆಯದೇ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಚಂದ್ರನ ಸುತ್ತ ಇದೇ ಲೆಕ್ಕ

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಚಂದ್ರಯಾನ-4 ಯೋಜನೆಯಲ್ಲಿ ಚಂದ್ರನ ಮಣ್ಣನ್ನು ಹೊತ್ತು ಮೇಲೇರುವ ಘಟಕವು ಚಂದ್ರನ ಸುತ್ತಲಿನ ಕಕ್ಷೆಯಲ್ಲಿ ಇನ್ನೊಂದು ಘಟಕದೊಂದಿಗೆ ಜೋಡಿಕೊಳ್ಳಬೇಕು. ಆ ಜೋಡಣೆ ತಪ್ಪಿದರೆ ಸಂಗ್ರಹಿಸಿದ ಮಣ್ಣು ಭೂಮಿಗೆ ಬರುವುದಿಲ್ಲ. ಚಂದ್ರನಿಂದ 100 ಕಿ.ಮೀ. ಎತ್ತರದ ಕಕ್ಷೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿನ ಕಕ್ಷಾವೇಗ ಸೆಕೆಂಡಿಗೆ 1.63 ಕಿ.ಮೀ. ಮಾತ್ರ, ಭೂಮಿಯ ಬಳಿಯದರ ಸುಮಾರು ಐದನೆಯ ಒಂದು ಪಾಲು. ಕೆಲಸ ಸುಲಭವಾಯಿತೆಂದು ತೋರುತ್ತದೆ. ಆದರೆ ನಮ್ಮ ಸೂತ್ರದಲ್ಲಿ ಕಕ್ಷಾವೇಗವೇ ಇಲ್ಲ, ಇರುವುದು ಪರಿಭ್ರಮಣಾವಧಿ. ಚಂದ್ರನ ಸುತ್ತ ಅದು 118 ನಿಮಿಷ. ಆದ್ದರಿಂದ ಸೆಕೆಂಡಿಗೆ 1 ಮೀಟರಿನ ವ್ಯತ್ಯಾಸ ಅಲ್ಲಿ ಸುತ್ತಿಗೆ 16.9 ಅಲ್ಲ, 21 ಕಿ.ಮೀ. ಜಾರುವಿಕೆಯನ್ನು ಉಂಟುಮಾಡುತ್ತದೆ. ಸ್ಪೇಡೆಕ್ಸ್ ನೌಕೆಗಳು ನೆಚ್ಚಿಕೊಂಡಿದ್ದ ಸ್ಥಾನನಿರ್ಣಯ ಉಪಗ್ರಹಗಳ ಬಳಗವು ಚಂದ್ರನ ಸುತ್ತ ಇಲ್ಲ. ಭೂಮಿಯಿಂದ ಹೊರಟ ಆದೇಶ ಅಲ್ಲಿಗೆ ತಲುಪಲು 1.3 ಸೆಕೆಂಡು ಬೇಕು. ಪ್ರತಿ ಸುತ್ತಿನಲ್ಲೂ ನೌಕೆಗಳು ಚಂದ್ರನ ಹಿಂದೆ ಹೋದಾಗ ಯಾವ ಆದೇಶವೂ ತಲುಪದು. ಅಂತರವನ್ನೂ ವೇಗವನ್ನೂ ತಮ್ಮ ಲೇಸರ್ ಮತ್ತು ಕ್ಯಾಮೆರಾಗಳಿಂದ ನೌಕೆಗಳೇ ಅಳೆದುಕೊಳ್ಳಬೇಕಾಗುತ್ತದೆ.